ಕರೆಮ್ಮನನ್ನು ವಾಪಸ್ಸು ಕೊಡಿ

ಬುಕ್ಕಸಾಗರ
16 ಜೂನ್ 1968

ಶ್ರೀ ಚನ್ನಯ್ಯನವರಿಗೆ ಬುಕ್ಕಸಾಗರದ ಎರ್ರಿಯಪ್ಪ ಮಾಡುವ ನಮಸ್ಕಾರಗಳು.

ಕರೆಮ್ಮನ ಕಥೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ಸೋದರತ್ತೆ ಹೊಳೆಮ್ಮ. ಡ್ಯಾಮಿನ ಬಾಗಿಲು ಹಾಕಿ, ಮುಳುಗಿದ ಊರುಗಳ ಜನ ಗಂಟುಮೂಟೆ ಹೊತ್ತು ಹೊಸಪೇಟೆಯ ಕಡೆ ಬಂದ ವರ್ಷ, ನಾಟಿ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಹೇಳಿದಳು. ಇದನ್ನೇ ಮೊದಲು ಬರೆದಿದ್ದಕ್ಕೆ ಕಾರಣವಿದೆ. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಮೊದಲು ತಿಳಿಸದಿದ್ದರೆ ನಮ್ಮಲ್ಲಿ ಅದು ಕದ್ದ ಕಥೆ ಎನಿಸಿಕೊಳ್ಳುತ್ತದೆ. ನಿಮ್ಮ ಸಿನಿಮಾದಲ್ಲೂ ಅವಳ ಹೆಸರು ಮೊದಲು ಬಂದರೆ ನಮಗೆಲ್ಲ ಸಂತೋಷ.

ನನ್ನ ನೆನಪು ನಿಮಗೆ ಇದೆಯೋ ಇಲ್ಲವೋ. ಎರಡು ವರ್ಷದ ಹಿಂದೆ ನೀವು ಹಂಪಿಯಲ್ಲಿ ದೇವರ ಸಿನಿಮಾ ತೆಗೆಯುತ್ತಿದ್ದಿರಿ. ಕಂಪ್ಲಿಯಲ್ಲಿರುವ ನಿಮ್ಮ ಅಕ್ಕನ ಮನೆಗೆ ಹೋಗುವಾಗ ನಮ್ಮ ಊರ ಹತ್ತಿರ ಕಾರು ನಿಲ್ಲಿಸಿ, ಜಡೆಪ್ಪನವರ ಗದ್ದೆಯ ಬದುವಿನ ಮೇಲೆ ಬಂದು ಕೂತಿರಿ. ನಾಟಿ ಹೆಂಗಸರಿಗೆ ಸಸಿಯ ಕಟ್ಟು ಎಸೆಯುತ್ತಾ ಕಥೆ ಹೇಳುತ್ತಿದ್ದವನು ನಾನು. ಇಲ್ಲಿ ಕಟ್ಟು ಎಸೆಯುವವನೇ ಕಥೆ ಹೇಳಬೇಕು. ಕಥೆ ಇಲ್ಲದಿದ್ದರೆ ಬಗ್ಗಿದ ಬೆನ್ನು ಬೇಗ ಏಳುತ್ತದೆ, ಸಾಲು ಸೊಟ್ಟಗಾಗುತ್ತದೆ.

ಅಂದು ಹೇಳುತ್ತಿದ್ದದ್ದು ಕರೆಮ್ಮನ ಕಥೆ. ಹೂಳು ತುಂಬಿ ಬತ್ತಿದ ಕಾಲುವೆಯ ಕಟ್ಟಕಡೆಯ ಹೊಲದವಳು ಕರೆಮ್ಮ. ನೀರು ಯಾಕೆ ಬರುತ್ತಿಲ್ಲ ಎಂದು ಕೇಳಲು ಕಾಲುವೆಗುಂಟ ಮೇಲಕ್ಕೆ ನಡೆದಳು. ಕಾಲುವೆ ಹೊರಡುವ ತಲೆಗಟ್ಟಿನಲ್ಲಿ ರಾಜನ ಅಧಿಕಾರಿ ಗಾದಿಯ ಮೇಲೆ ಕೂತಿದ್ದ. 'ಕಾಲುವೆ ಹೆಣ್ಣಿನ ಬಲಿ ಕೇಳಾಕತ್ತೈತಿ, ನೀನ ಇಳಿ' ಎಂದ. ಕರೆಮ್ಮ ಇಳಿದಳು. ಒಂದು ಬುಟ್ಟಿ ಹೂಳು ಬಾಚಿ ಮೇಲೆ ತಂದು ಅವನ ಗಾದಿಯ ಮೇಲೆ ಸುರಿದು, 'ಕೇಳಾಕತ್ತಿದ್ದು ಇದನ್ನ, ತಗಾ' ಎಂದಳು. ನೋಡುತ್ತ ನಿಂತ ಜನವೆಲ್ಲ ಬುಟ್ಟಿ ಹಿಡಿದರು. ನೀರು ಬಂತು. ಅವಳು ಮನೆಗೆ ಹೋದಳು.

ನೀವು ಎದ್ದು ನಿಂತು, 'ಇದು ನನಗ ಬೇಕು ಎರ್ರಿಯಪ್ಪ, ಇದರದೇ ಸಿನಿಮಾ ಮಾಡ್ತೀನಿ' ಎಂದಿರಿ. ನಾನು ಎಲೆ ಅಡಿಕೆ ಕೊಟ್ಟೆ. ಎಲ್ಲರೆದುರಿಗೆ ಜಗಿದಿರಿ. ನೀವು ಕಂಪ್ಲಿಯವರು, ರೂಢಿಯನ್ನು ನಿಮಗೆ ಹೇಳಿಕೊಡಬೇಕಿಲ್ಲ. ಆದರೂ ನೆನಪು ಮಾಡುತ್ತೇನೆ. ಎಲೆ ಜಗಿದವರು ಆ ಕಥೆಯನ್ನು ಜನರ ಮುಂದೆ ಒಂದು ಸಲ ಹೇಳುವ ತನಕ ಕೊಟ್ಟವನು ಬಾಯಿ ತೆರೆಯುವಂತಿಲ್ಲ. ಅಂದಿನಿಂದ ನಾನು ಕರೆಮ್ಮನ ಹೆಸರು ಎತ್ತಿಲ್ಲ. ಬೇರೆ ಕಥೆಗಳಲ್ಲಿ ನಾಟಿ ಸಾಗಿಸುತ್ತಿದ್ದೇನೆ. ಹೆಂಗಸರು ದಿನಾ ಕೇಳುತ್ತಾರೆ. ಸಿನಿಮಾ ಯಾವಾಗ?

ಇಂತಿ ನಿಮ್ಮ ವಿಧೇಯ
ಎರ್ರಿಯಪ್ಪ


ಕೋಡಂಬಾಕ್ಕಂ, ಮದ್ರಾಸು
3 ಸೆಪ್ಟೆಂಬರ್ 1968

ಪ್ರಿಯ ಎರ್ರಿಯಪ್ಪ,

ನಿನ್ನ ಕಾಗದ ಓದಿ ತುಂಗಭದ್ರೆಯ ನೀರು ಕುಡಿದಷ್ಟು ಸಂತೋಷವಾಯಿತು. ನಿನ್ನನ್ನು ಮರೆಯುತ್ತೇನೆಯೇ? 'ಕರೆಮ್ಮನ ಕಾಲುವೆ' ಎಂಬ ಶೀರ್ಷಿಕೆಯನ್ನು ನನ್ನ ಹೆಸರಿಗೆ ರಿಜಿಸ್ಟರ್ ಮಾಡಿಸಿದ್ದೇನೆ. ಇನ್ನು ಯಾವ ಗಂಡಸೂ ಅದನ್ನು ಮುಟ್ಟಲಾರ.

ನೀನು ಕಥೆಯನ್ನು ಯಾರಿಗೂ ಹೇಳುತ್ತಿಲ್ಲ ಎಂದು ಬರೆದಿದ್ದೀಯ. ಭೇಷ್! ಇಲ್ಲಿ ಕಥೆ ಕದಿಯುವವರು ಕಾಗೆಗಳ ಹಾಗೆ ಕೂತಿರುತ್ತಾರೆ. ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿರು. ನಾನು ನಾಟಕ ಕಂಪನಿಯಲ್ಲಿ ಬೆಳೆದವನು. ಅಲ್ಲಿ ನಟನೊಬ್ಬ ವೀಳ್ಯ ಹಿಡಿದನೆಂದರೆ ಮುಗಿಯಿತು, ಅವನು ಆ ಕಂಪನಿಯ ಆಸ್ತಿ. ಅಂದು ನೀನು ವೀಳ್ಯ ಕೊಟ್ಟಾಗಲೇ ಕರೆಮ್ಮ ನನ್ನ ಕಂಪನಿಗೆ ಸೇರಿದಳು.

ಈಗ ಕೈಯಲ್ಲೊಂದು ಭಕ್ತಿಚಿತ್ರವಿದೆ, ಅದು ಮುಗಿದ ಮೇಲೆ ಒಂದು ಸಂಸಾರದ ಕಥೆ. ಆಮೇಲೆ ನಮ್ಮದೇ. ಪೂರ್ತಿ ಕಲರ್‌ನಲ್ಲಿ! ಬರುವ ಯುಗಾದಿಗೆ ಮುಹೂರ್ತ ಇಟ್ಟುಕೊಂಡಿದ್ದೇನೆ. ಹೆಂಗಸರಿಗೆ ಹೇಳು: ಹೊಸ ಸೀರೆ ಉಟ್ಟುಕೊಂಡು ಬರಲಿ, ಅವರನ್ನೂ ಒಂದು ಶಾಟಿನಲ್ಲಿ ನಿಲ್ಲಿಸೋಣ.

ನಿನ್ನವ
ಚನ್ನಯ್ಯ


ಬುಕ್ಕಸಾಗರ
20 ಜುಲೈ 1971

ಶ್ರೀ ಚನ್ನಯ್ಯನವರಿಗೆ ನಮಸ್ಕಾರ.

ಯುಗಾದಿ ಬಂತು, ಹೋಯಿತು. ಮುಂದಿನದೂ ಬಂತು, ಹೋಯಿತು. ಇನ್ನೊಂದೂ ಹೋಯಿತು. ಹೊಸ ಸೀರೆ ಉಟ್ಟುಕೊಂಡು ಬನ್ನಿ ಎಂದಿರಲ್ಲ, ಆ ಮಾತನ್ನು ಹೆಂಗಸರಿಗೆ ಓದಿ ಹೇಳಿದ್ದೇ ನನ್ನ ತಪ್ಪು. ನಾಟಿಗೆ ಬರುವ ಸುಂಕಮ್ಮ ಉಡದೆ ಮಡಿಸಿಟ್ಟ ಸೀರೆಗೆ ನುಸಿ ಬಿದ್ದು, ಈಗ ನನ್ನ ಮುಖ ಕಂಡರೆ ಬಯ್ಯುತ್ತಾಳೆ.

ಚೈತ್ರದಲ್ಲಿ ಕಂಪ್ಲಿಯ ಟೆಂಟಿಗೆ ನಿಮ್ಮ ಸಿನಿಮಾ ಬಂದಿದೆ ಎಂದು ಸುದ್ದಿಯಾಯಿತು. ಯಾವ ಸಿನಿಮಾ ಎಂದು ಯಾರೂ ಕೇಳಲಿಲ್ಲ, ನಮ್ಮದೇ ಎಂದುಕೊಂಡರು. ಊರಿನ ಬಂಡಿಗಳೆಲ್ಲ ಹೊರಟವು. ತೆರೆಯ ಮೇಲೆ ನಾರದ ಬಂದ. ಭೀಮಮ್ಮ ನಾಟಿ ಗುಂಪಿನ ಮುಂದಾಳು, ನಿಮಗೆ ನೆನಪಿರಬಹುದು, ಬದುವಿನ ಮೇಲೆ ನಿಮಗೆ ಮಜ್ಜಿಗೆ ಕೊಟ್ಟವಳು. ಇಂಟರ್ವಲ್ ತನಕ ಕಾದಳು. ಕರೆಮ್ಮ ಬರಲಿಲ್ಲ. ಎದ್ದು ಹೋಗಿ ಗೇಟಿನವನ ಅಂಗಿ ಹಿಡಿದಳು.

'ನಮ್ಮಾಕಿ ಎಲ್ಲಿ?'

'ಯಾವಾಕಿ ಬೇ?'

'ಕರೆಮ್ಮ! ಬುಟ್ಟಿ ಹೊತ್ತಾಕಿ! ಬರೇ ಮೀಸಿ ಇಲ್ಲದ ದೇವ್ರನ್ನ ಇಟ್ಟೀರಿ ಒಳಗ!'

ಟೆಂಟಿಗೆ ಟೆಂಟೇ ನಕ್ಕಿತು. ನಾನು ನಾಚಿ ಹೊರಗೆ ಹೋಗಿ ಬಂಡಿಯ ಕೆಳಗೆ ಕೂತೆ. ವಾಪಸ್ಸು ಬರುವ ದಾರಿಯುದ್ದಕ್ಕೂ ಅವಳು ನನ್ನನ್ನು ಬಿಡಲಿಲ್ಲ. 'ಎರ್ರಿಯಪ್ಪಾ, ಕರೆಮ್ಮನ್ನ ಮದ್ರಾಸಿಗೆ ಲಗ್ನ ಮಾಡಿ ಕೊಟ್ಟಿಯೇನು? ತವರಿಗೆ ಒಂದ್ಸಲನೂ ಕಳಸವಲ್ಲನಲ್ಲ ನಿನ್ನ ಅಳಿಯ!'

ಹೀಗೆ ಅನ್ನಿಸಿಕೊಂಡು ಎಷ್ಟು ದಿನ ಇರಲಿ? ಸಿನಿಮಾ ತಡವಾದರೆ ಆಗಲಿ. ಒಂದು ದಿನ ಬಂದು ಹೆಂಗಸರ ಮುಂದೆ ಕಥೆ ಹೇಳಿ ಹೋಗಿ. ನನ್ನ ಬಾಯಿ ಬಿಡುಗಡೆಯಾದರೆ ಸಾಕು.

ಹೊಳೆಮ್ಮ ಹೋದ ತಿಂಗಳು ತೀರಿಕೊಂಡಳು.

ಎರ್ರಿಯಪ್ಪ


ಮದ್ರಾಸು
9 ಡಿಸೆಂಬರ್ 1971

ಪ್ರಿಯ ಎರ್ರಿಯಪ್ಪ,

ನಿನ್ನ ತಾಯಿ ತೀರಿಕೊಂಡ ಸುದ್ದಿ ಕೇಳಿ ದುಃಖವಾಯಿತು. ಧೈರ್ಯ ತಂದುಕೋ.

ನನ್ನ ಕಷ್ಟ ನಿನಗೆ ಗೊತ್ತಿಲ್ಲ. ಮೊದಲನೇ ನಿರ್ಮಾಪಕ ಕಲರ್ ಬೇಡ ಎಂದ. ಎರಡನೆಯವನು ಕಲರ್ ಇರಲಿ, ಕರೆಮ್ಮ ಬೆಳ್ಳಗಿರಲಿ ಎಂದ. ಹೀರೋನ ಡೇಟ್ಸ್ ಸಿಕ್ಕಿತು ಎನ್ನುವಷ್ಟರಲ್ಲಿ 'ಈ ಕಥೆಯಲ್ಲಿ ನನಗೇನು ಕೆಲಸ?' ಎಂದು ಕೇಳಿದ. ಅಧಿಕಾರಿಗೆ ಒಬ್ಬ ತಮ್ಮನನ್ನು ಹುಟ್ಟಿಸಿದ್ದೇನೆ. ಅವನಿಗೂ ಕರೆಮ್ಮನಿಗೂ ಪ್ರೀತಿ. ಸಣ್ಣಪುಟ್ಟ ಬದಲಾವಣೆ ಬೇಕಾಗುತ್ತದೆ, ಸಿನಿಮಾ ಎಂದರೆ ಅಷ್ಟು ಸುಲಭವಲ್ಲ.

ಬಂದು ಕಥೆ ಹೇಳಿ ಎಂದಿದ್ದೀಯ. ನಾನು ದಿನ ಬೆಳಗಾದರೆ ಅದನ್ನೇ ಹೇಳುತ್ತಿದ್ದೇನಪ್ಪ! ಎಂಥೆಂಥ ಶ್ರೀಮಂತರ ಮುಂದೆ ಕೂತು, ಹಾಡಿ, ಅತ್ತು, ಹೇಳುತ್ತಿದ್ದೇನೆ. ಸಿನಿಮಾ ಬಂದ ದಿನ ನಿಮ್ಮ ಊರಿಗೆ ಮೊದಲ ಪ್ರಿಂಟ್. ತಾಳ್ಮೆ ಇರಲಿ.

ಚನ್ನಯ್ಯ


ಬುಕ್ಕಸಾಗರ
11 ಫೆಬ್ರುವರಿ 1975

ಚನ್ನಯ್ಯನವರಿಗೆ,

ಹೊಳೆಮ್ಮ ನನ್ನ ತಾಯಿಯಲ್ಲ. ಸೋದರತ್ತೆ. ಕಥೆ ಅವಳದು. ಮೊದಲನೇ ಕಾಗದದ ಮೊದಲನೇ ಸಾಲಿನಲ್ಲಿ ಬರೆದಿದ್ದೆ.

ಈಗ ಬರೆಯುತ್ತಿರುವ ವಿಷಯ ಬೇರೆ. ನಿನ್ನೆ ಜಡೆಪ್ಪನವರ ಮೇಲಿನ ಗದ್ದೆಯಲ್ಲಿ ಬೇಸಿಗೆ ಬೆಳೆಯ ನಾಟಿ ನಡೆದಿತ್ತು. ಈಗ ವರ್ಷಕ್ಕೆ ಎರಡು ಬೆಳೆ, ಆಳು ಸಾಲದು. ಗಂಡಸರು ಸಂಡೂರಿನ ಗಣಿಗೆ ಲಾರಿ ಹತ್ತುತ್ತಾರೆ. ಹಾಗಾಗಿ ಶಾಲೆ ಬಿಟ್ಟ ಹುಡುಗಿಯರೆಲ್ಲ ನಾಟಿಗೆ ಬರುತ್ತಾರೆ. ಅವರಲ್ಲಿ ಬಸಕ್ಕ ಎಂಬವಳು ಸುಂಕಮ್ಮನ ಮೊಮ್ಮಗಳು, ಓದು ಬರಹ ಬಲ್ಲವಳು, ಹೊಸಪೇಟೆಯಿಂದ ಸಿನಿಮಾ ಪತ್ರಿಕೆ ತರಿಸಿ ಓದುವವಳು. ಬಗ್ಗಿ ಸಸಿ ಊರುತ್ತಲೇ ಪಕ್ಕದವಳಿಗೆ ಹೇಳುತ್ತಿದ್ದಳು:

'ಚನ್ನಯ್ಯ ಅಂತ ಡೈರೆಕ್ಟರ್ ಹೊಸ ಸಿನಿಮಾ ಮಾಡ್ತಾನಂತ. ಕರೆಮ್ಮ ಅಂತ ಒಬ್ಬಾಕಿ, ಕಾಲುವಿಗೆ ಬಲಿ ಆಗ್ತಾಳಂತ. ನೀರಾಗ ಮುಳುಗ್ತಾಳಂತ, ಕೈ ಒಂದ ಕಾಣ್ತೈತಂತ ಮ್ಯಾಲೆ. ಓದಿ ಅತ್ತುಬಿಟ್ಟೆ ನಾನು.'

ನನ್ನ ಕೈಯಲ್ಲಿದ್ದ ಕಟ್ಟು ಕೆಸರಿಗೆ ಬಿತ್ತು. 'ಏಯ್! ಯಾರಲೇ ಸಾಯ್ತಾಳಂದಿದ್ದು? ಕರೆಮ್ಮ ಸಾಯಂಗಿಲ್ಲ!' ಎಂದು ಕೂಗಿದೆ.

'ಮತ್ತ ಏನಾಗ್ತಾಳ? ಹೇಳು ನೋಡೋಣ.'

ನಾನು ಬಾಯಿ ತೆರೆದೆ. ಮುಚ್ಚಿದೆ. ಇನ್ನೇನು ಮಾಡಲಿ? ಎಲೆ ಜಗಿದವರು ನೀವು. ಹುಡುಗಿಯರು ನಕ್ಕರು. 'ಅಜ್ಜಗ ಮರ್ತೈತಿ' ಎಂದರು. ನನಗೆ ಅಜ್ಜ ಎಂಬ ಹೆಸರು ಬಂದದ್ದೂ ನಿನ್ನೆಯೇ.

ಭೀಮಮ್ಮ ಸೊಂಟಕ್ಕೆ ಕೈಯಿಟ್ಟು, 'ಸಾಯಂಗಿಲ್ಲಲೇ, ನಾ ಕೇಳೀನಿ' ಎಂದಳು. ಬಸಕ್ಕ ಬಗ್ಗಿದವಳು ತಲೆ ಎತ್ತದೆ ಹೇಳಿದಳು: 'ಪೇಪರ್‌ನ್ಯಾಗ ಅಚ್ಚಾಗೈತಿ ಚಿಗವ್ವ. ಪೇಪರಿನವ್ರಿಗೆ ನಿಮಗಿಂತ ಕಡಿಮಿ ಗೊತ್ತಿರತೈತೇನು?' ಆಗ ಸುಂಕಮ್ಮ, ಆ ಕಥೆಯನ್ನು ಹೊಳೆಮ್ಮನ ಬಾಯಿಂದಲೇ ಎಷ್ಟೋ ಸಲ ಕೇಳಿದ ಸುಂಕಮ್ಮ, ಕೈಯಲ್ಲಿದ್ದ ಸಸಿ ಊರುತ್ತಾ, 'ಇದ್ರೂ ಇರಬೌದವ್ವ. ಸತ್ಲೇನೋ. ಭಾಳ ದಿನ ಆತು ಕೇಳಿ' ಎಂದಳು.

ಚನ್ನಯ್ಯನವರೇ, ನೀವು ಇನ್ನೂ ಒಂದಡಿ ಸಿನಿಮಾ ತೆಗೆದಿಲ್ಲ. ತೆಗೆಯುತ್ತೇನೆ, ತೆಗೆಯುತ್ತೇನೆ ಎಂದು ಹೇಳುತ್ತಲೇ ನಮ್ಮ ಊರಿನವಳನ್ನು ನಮ್ಮ ಊರಿನಲ್ಲೇ ಕೊಂದಿರಿ. ಬುಟ್ಟಿ ಹೂಳು ಸುರಿದು ಎದ್ದು ಬಂದವಳನ್ನು ಮುಳುಗಿಸಿದಿರಿ. ಹಳಬರಿಗೆ ಮರೆಯುತ್ತಿದೆ. ಹೊಸಬರಿಗೆ ಗೊತ್ತೇ ಇಲ್ಲ. ಗೊತ್ತಿರುವ ನನ್ನ ಬಾಯಿಗೆ ನೀವು ಬೀಗ ಹಾಕಿಕೊಂಡು ಮದ್ರಾಸಿನಲ್ಲಿ ಕೂತಿದ್ದೀರಿ. ಇನ್ನು ಕೆಲವು ವರ್ಷ ಹೀಗೇ ಹೋದರೆ ನಿಮ್ಮ ಮುಳುಗಿದವಳೇ ಉಳಿಯುತ್ತಾಳೆ.

ನನ್ನ ಕಥೆ ವಾಪಸ್ಸು ಕೊಡಿ. ಬನ್ನಿ, ಬದುವಿನ ಮೇಲೆ ಕೂತು, ಕೇಳಿದ್ದನ್ನು ಕೇಳಿದ ಹಾಗೆ ಒಂದು ಸಲ ಹೇಳಿ. ಆಮೇಲೆ ನಿಮ್ಮ ಸಿನಿಮಾದಲ್ಲಿ ಯಾರನ್ನು ಬೇಕಾದರೂ ಮುಳುಗಿಸಿಕೊಳ್ಳಿ.

ಎರ್ರಿಯಪ್ಪ


ಮದ್ರಾಸು
2 ಮಾರ್ಚ್ 1975

ಎರ್ರಿಯಪ್ಪ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಇದು ನೀನು ಬರೆದದ್ದಲ್ಲ, ಯಾರೋ ಬರೆಸಿದ್ದು. ಯಾವ ನಿರ್ಮಾಪಕ ಬಂದಿದ್ದ ನಿನ್ನ ಗದ್ದೆಗೆ? ಏನು ಆಸೆ ತೋರಿಸಿದ? 'ವಾಪಸ್ಸು ಕೊಡಿ' ಎಂಬ ಮಾತು ವಕೀಲರ ಬಾಯಲ್ಲಿ ಬರುವಂಥದ್ದು. ನಾನೂ ಅದೇ ಭಾಷೆಯಲ್ಲಿ ಹೇಳುತ್ತೇನೆ, ಕೇಳು: ಶೀರ್ಷಿಕೆ ನನ್ನ ಹೆಸರಿನಲ್ಲಿದೆ. ಎಲ್ಲರೆದುರಿಗೆ ವೀಳ್ಯ ಕೊಟ್ಟಿದ್ದೀಯ. ಕೊಟ್ಟ ವೀಳ್ಯವನ್ನು ವಾಪಸ್ಸು ಕೇಳುವವನನ್ನು ನಮ್ಮ ಕಂಪನಿಯಲ್ಲಿ ರಂಗದ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ.

ಕರೆಮ್ಮ ಸಾಯದಿದ್ದರೆ ಸಿನಿಮಾ ಇಲ್ಲ. ಬುಟ್ಟಿ ಮಣ್ಣು ಸುರಿದು ಮನೆಗೆ ಹೋದಳು ಎಂದು ನಿರ್ಮಾಪಕರಿಗೆ ಹೇಳಿ ನೋಡಿದೆ. 'ಆಮೇಲೆ?' ಎಂದು ಕೇಳಿದರು. ಆಮೇಲೆ ಏನೂ ಇಲ್ಲ ಎಂದೆ. ಕಾಫಿ ಕುಡಿಸಿ ಕಳಿಸಿದರು. ಒಂದು ದಿನ ಬೇಸತ್ತು ಅವಳನ್ನು ನೀರಿಗೆ ಬಿಟ್ಟೆ. ಎದುರಿಗೆ ಕೂತಿದ್ದ ಶೆಟ್ಟರು ಕರವಸ್ತ್ರ ತೆಗೆದರು. ಅಂದಿನಿಂದ ಅವಳು ದಿನಾ ಮುಳುಗುತ್ತಿದ್ದಾಳೆ, ಅವರು ದಿನಾ ಅಳುತ್ತಿದ್ದಾರೆ. ಯಾರೂ ಚೆಕ್ಕಿಗೆ ಸಹಿ ಮಾಡುತ್ತಿಲ್ಲ, ಅದು ಬೇರೆ ಮಾತು.

ನಿಮಗೇನು? ಸರ್ಕಾರ ಮನೆ ಬಾಗಿಲಿಗೆ ಕಾಲುವೆ ತಂದಿದೆ, ಎರಡೆರಡು ಬೆಳೆ ತೆಗೆಯುತ್ತೀರಿ, ಹೊಟ್ಟೆ ತುಂಬಿದೆ. ಹೊಟ್ಟೆ ತುಂಬಿದವರಿಗೆ ಅವಳು ಬದುಕಿದರೆ ಚೆನ್ನ. ನಾನು ಒಂದು ಕಥೆಯನ್ನು ಹೊತ್ತುಕೊಂಡು ಬಾಗಿಲಿಂದ ಬಾಗಿಲಿಗೆ ತಿರುಗಿದ್ದೇನೆ. ನಿನ್ನ ಹೆಂಗಸರು ನಕ್ಕರಂತೆ! ನನ್ನನ್ನು ನೋಡಿ ಇಲ್ಲಿ ಊರಿಗೆ ಊರೇ ನಗುತ್ತಿದೆ. ಪತ್ರಿಕೆಯವರು ಪ್ರತಿ ವರ್ಷ ಬರುತ್ತಾರೆ. 'ಮುಂದಿನ ಚಿತ್ರ?' ಎಂದು ಕೇಳಿ, ಉತ್ತರ ಬರೆದುಕೊಳ್ಳುವ ಮೊದಲೇ ಮುಸಿಮುಸಿ ನಗುತ್ತಾರೆ.

ಇನ್ನು ಬರೆಯಬೇಡ.

ಚನ್ನಯ್ಯ


ಬುಕ್ಕಸಾಗರ
14 ಮಾರ್ಚ್ 1975

ಯಾವ ನಿರ್ಮಾಪಕನೂ ಬಂದಿಲ್ಲ. ನಮ್ಮ ಊರಿಗೆ ಬಂದ ಸಿನಿಮಾದವರು ನೀವೊಬ್ಬರೇ, ಅಷ್ಟೇ ಸಾಕಾಯಿತು.

ಹಿಂದೆ ಬರೆಯದೆ ಬಿಟ್ಟ ಮಾತೊಂದಿದೆ. ಹೊಳೆಮ್ಮ ಹಾಸಿಗೆ ಹಿಡಿದಾಗ ಗಂಜಿ ಒಳಗೆ ಇಳಿಯುತ್ತಿರಲಿಲ್ಲ. 'ಎರ್ರೀ, ಕರೆಮ್ಮಂದು ಹೇಳಪಾ, ಕೇಳ್ಕಂತ ಮಲಗ್ತೀನಿ' ಎಂದಳು. ನಾನು ಹೇಳಲಿಲ್ಲ. ಎಲೆ ಕೊಟ್ಟಾಗಿದೆ ಎಂದೆ. ಆ ರೂಢಿಯನ್ನು ನನಗೆ ಕಲಿಸಿದವಳೇ ಅವಳು. 'ಹೌದಲ್ಲ' ಎಂದಳು. ಗೋಡೆಯ ಕಡೆ ತಿರುಗಿ ಮಲಗಿದಳು.

ನಿಮಗೆ ಹೊಟ್ಟೆ ತುಂಬಿದವರ ಸಿಟ್ಟು ಹೇಗಿರುತ್ತದೆ ಎಂದು ತಿಳಿಯಲಿ ಎಂದು ಬರೆದೆ. ಬರೆಯಬೇಡ ಎಂದಿದ್ದೀರಿ, ಬರೆಯುವುದಿಲ್ಲ.

ಎರ್ರಿಯಪ್ಪ


ಬೆಂಗಳೂರು
8 ಜನವರಿ 1981

ಎರ್ರಿಯಪ್ಪ,

ವಿಳಾಸ ಬದಲಾಗಿದೆ. ಎಲ್ಲರೂ ಮದ್ರಾಸು ಬಿಟ್ಟು ಬೆಂಗಳೂರಿಗೆ ಬಂದರು, ನಾನೂ ಬಂದೆ. ನೀನು ಬರೆಯುವುದಿಲ್ಲ ಎಂದವನು ನಿಜಕ್ಕೂ ಬರೆಯಲಿಲ್ಲ. ಸಿನಿಮಾ ಮಂದಿಯ ನಡುವೆ ಇರುವವನಿಗೆ ಅದು ವಿಚಿತ್ರವಾಗಿ ಕಂಡಿತು. ಇಲ್ಲಿ ಬರೆಯುವುದಿಲ್ಲ ಎಂದವರು ಮರುದಿನವೇ ಬರೆಯುತ್ತಾರೆ.

ಹೊಸಪೇಟೆಯ ಚಿತ್ರಸಂಘವೊಂದು ನನಗೆ ಸನ್ಮಾನ ಮಾಡುತ್ತದಂತೆ. 'ನನ್ನ ಮುಂಬರುವ ಚಿತ್ರಗಳು' ಎಂಬ ವಿಷಯದ ಮೇಲೆ ಮಾತಾಡಬೇಕಂತೆ. ಚೇಷ್ಟೆಯೋ ಗೌರವವೋ ತಿಳಿಯಲಿಲ್ಲ, ಒಪ್ಪಿಕೊಂಡೆ. ಇಪ್ಪತ್ತೆಂಟರ ಮಧ್ಯಾಹ್ನ ಅವರ ಕಾರಿನಲ್ಲಿ ನಿನ್ನ ಊರಿಗೆ ಬರುತ್ತೇನೆ. ಬದುವಿನ ಮೇಲೆ ಕೂತು ಹೇಳಬೇಕು, ಅಷ್ಟೇ ತಾನೆ? ಹೇಳುತ್ತೇನೆ. ನಿನ್ನ ಸೋದರತ್ತೆಯ ಹೆಸರನ್ನೂ ಹೇಳುತ್ತೇನೆ. ಇಲ್ಲಿಗೆ ನಮ್ಮ ಲೆಕ್ಕ ಮುಗಿಯಲಿ. ಆ ಹೆಂಗಸರನ್ನು ಮಾತ್ರ ನಗದ ಹಾಗೆ ನೋಡಿಕೋ. ಈಗ ನನಗೆ ಅದು ತಡೆಯುವುದಿಲ್ಲ.

ಚನ್ನಯ್ಯ


ಬುಕ್ಕಸಾಗರ
1 ಫೆಬ್ರುವರಿ 1981

ಚನ್ನಯ್ಯನವರಿಗೆ ನಮಸ್ಕಾರ.

ನೀವು ಕೈಕಾಲು ತೊಳೆಯದೆ, ಒಂದು ತುತ್ತು ಉಣ್ಣದೆ, ಸಿಟ್ಟಿನಲ್ಲಿ ಕಾರು ಹತ್ತಿ ಹೋದಿರಿ. ಹೆಂಗಸರು ಅವಮಾನ ಮಾಡಿದರು ಎಂದುಕೊಂಡು ಹೋದಿರಿ. ನೀವು ನೋಡದೆ ಹೋದದ್ದನ್ನು ತಿಳಿಸಬೇಕು ಎಂದು ಬರೆಯುತ್ತಿದ್ದೇನೆ, ಸಮಾಧಾನ ಮಾಡಲಿಕ್ಕಲ್ಲ.

ಮೊದಲು ನಿಮ್ಮನ್ನು ಹೊಗಳಬೇಕು. ಹೊಳೆಮ್ಮನ ಹೆಸರು ಹೇಳಿಯೇ ಶುರು ಮಾಡಿದಿರಿ. 'ಲಾಂಗ್ ಶಾಟ್‌ನಲ್ಲಿ ಒಣಗಿದ ಕಾಲುವೆ' ಎಂದಾಗ ಭೀಮಮ್ಮ 'ಹಂಗಂದ್ರ ಏನ್ರಿ?' ಎಂದು ಕೇಳಿದಳು. 'ದೂರದಿಂದ ನೋಡೋದು ತಾಯಿ' ಎಂದಿರಿ. 'ದೂರದಿಂದ ಯಾಕ ನೋಡಬೇಕು? ಹತ್ರ ಬರ್ರಿ' ಎಂದಳು. ನೀವೇ ನಕ್ಕಿರಿ. ಕರೆಮ್ಮ ಕಾಲುವೆಗುಂಟ ನಡೆಯುವುದನ್ನು ಎಷ್ಟು ಚೆಂದ ಹೇಳಿದಿರೆಂದರೆ ನಾನು ಸಸಿ ಎಸೆಯುವುದನ್ನೂ ಮರೆತು ನಿಂತೆ. ಆಮೇಲೆ ಅಧಿಕಾರಿ 'ಇಳಿ' ಎಂದ. ನಿಮ್ಮ ದನಿ ಒದ್ದೆಯಾಯಿತು. ಯಾರ ಯಾರ ಮುಂದೆಯೋ ಒದ್ದೆಯಾಗಿ ಅಭ್ಯಾಸವಾದ ದನಿ ಅದು. ನೀರು ಬಂತು ಎಂದಿರಿ. ಎದೆಗೆ ಬಂತು, ಕೊರಳಿಗೆ ಬಂತು, ಕೈ ಒಂದು ಕಾಣುತ್ತಿದೆ ಎಂದಿರಿ.

'ಯೇ ನಿಲ್ಸ್ರಿ!' ಎಂದು ಭೀಮಮ್ಮ ಕೂಗಿದಾಗ ನೀವು ನನ್ನ ಕಡೆ ನೋಡಿದಿರಿ. ಆಗ ನನಗೆ ಗೊತ್ತಾಯಿತು. ನೀವು ಬೇಕೆಂದು ಹಾಗೆ ಹೇಳಿರಲಿಲ್ಲ. ಅವಳು ಮುಳುಗದೆ ಏನು ಮಾಡಿದಳು ಎಂಬುದು ನಿಮಗೆ ನಿಜವಾಗಿ ಮರೆತು ಹೋಗಿತ್ತು. ಆ ಕ್ಷಣಕ್ಕೆ ನನಗೆ ಬಂದ ಸಿಟ್ಟು ಇಷ್ಟು ವರ್ಷದ ಸಿಟ್ಟಿಗಿಂತ ದೊಡ್ಡದು. ಕದ್ದವನ ಜೊತೆ ಜಗಳ ಆಡಬಹುದು. ಕಳೆದುಕೊಂಡವನ ಜೊತೆ ಏನು ಆಡುವುದು? ನಾನು ಹೇಳಿಕೊಡುವಂತಿರಲಿಲ್ಲ. ಬೇರೆ ಕಡೆ ನೋಡಿದೆ. ಬೇಕೆಂದೇ ನೋಡಿದೆ.

'ಇದು ಕ್ಲೈಮ್ಯಾಕ್ಸ್ ತಾಯಿ' ಎಂದಿರಿ.

'ಏನರ ಇರ್ಲಿ. ನೀರಿಲ್ಲ ಅಂತ ಕೇಳಾಕ ಬಂದಾಕಿ ಆಕಿ. ಬತ್ತಿದ ಕಾಲುವ್ಯಾಗ ಹೆಂಗ ಮುಳುಗ್ತಾಳ್ರಿ?'

ಇಷ್ಟು ವರ್ಷ ಅತ್ತ ಶೆಟ್ಟರಲ್ಲಿ ಒಬ್ಬರಾದರೂ ಇದನ್ನು ಕೇಳಿರಲಿಲ್ಲವೇ? ಹುಡುಗಿಯರು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಬಸಕ್ಕ, ಪತ್ರಿಕೆ ಓದಿ ಅತ್ತವಳು. ನಗದ ಹಾಗೆ ನೋಡಿಕೋ ಎಂದು ಬರೆದಿದ್ದಿರಿ. ನೋಡಿಕೊಳ್ಳಲು ನಾನು ಯಾರು? ಅವಳು ನಗುತ್ತಲೇ ಕೇಳಿದಳು: 'ನೀರಿಲ್ಲಂದ್ರ ಕಾಲಿಗೆ ಏನ್ ಹತ್ತಿತ್ರಿ ಆಕಿಗೆ?'

'ಹೂಳು!' ಎಂದು ನೀವು ಕೂಗಿದಿರಿ. 'ಹೂಳು ಹತ್ತಿತು! ಮೊಣಕಾಲ ತನಕ ಹೂಳು! ಇಷ್ಟು ಮಂದಿ ಗಂಡಸರು ಕೂತು ನೋಡಾಕತ್ತಾರ, ಒಬ್ಬನರ ಬುಟ್ಟಿ ಹಿಡಿಯವಲ್ಲ!' ಶಾಟೂ ಹೋಯಿತು, ಮದ್ರಾಸೂ ಹೋಯಿತು, ಕಂಪ್ಲಿಯ ಮಾತು ಬಂತು. ಕೆಸರಿಗೆ ಇಳಿದಿರಿ. ಧೋತರ ಹೊಲಸಾಯಿತು. ಎರಡು ಕೈಯಲ್ಲಿ ಕೆಸರು ಬಾಚಿ ಸನ್ಮಾನದವರು ಹಾಸಿದ್ದ ಜಮಖಾನದ ಮೇಲೆ ಬಡಿದಿರಿ. 'ತಗಾ! ಕೇಳಾಕತ್ತಿದ್ದು ಇದನ್ನ! ಬಲಿ ಬೇಕಂತ ಇವ್ರಿಗೆ, ಬಲಿ!' ಎಂದಿರಿ. ನಾನು ಈ ಕಥೆ ಹೇಳಿದ ಯಾವ ದಿನವೂ ಆ ಅಧಿಕಾರಿಯನ್ನು ಅಷ್ಟು ಬೈದಿರಲಿಲ್ಲ. ನೀವು ಯಾರನ್ನು ಬೈದಿರೋ ನಿಮಗೇ ಗೊತ್ತು.

'ಆಮ್ಯಾಲೆ?' ಎಂದಳು ಭೀಮಮ್ಮ.

'ಆಮ್ಯಾಲೆ ಏನೈತಿ? ನೀರು ಬಂತು. ಮನೀಗೆ ಹೋದ್ಲು, ಉಂಡ್ಲು, ಮಕ್ಕಂಡ್ಲು! ಸಾಕೇನು? ಬಿಡ್ರಿ ನನ್ನ!'

ಎಂದು ಹೋದಿರಿ. ನನ್ನ ಬಾಯಿ ಬಿಡುಗಡೆಯಾಯಿತು. ನಿಮಗೆ ಋಣಿ ಎಂದು ಬರೆಯಬೇಕು, ಕೈ ಬರುತ್ತಿಲ್ಲ. ಹೊಳೆಮ್ಮ ಗೋಡೆಯ ಕಡೆ ತಿರುಗಿದ್ದು ಇದರಿಂದ ಈ ಕಡೆ ತಿರುಗುವುದಿಲ್ಲ. ನಿಮ್ಮ ಸಿನಿಮಾ ಯಾವಾಗ ಎಂದು ಮಾತ್ರ ಇನ್ನು ಮುಂದೆ ನಾವು ಯಾರೂ ಕೇಳುವುದಿಲ್ಲ. ತೆಗೆದರೆ ತೆಗೆಯಿರಿ.

ಮರುದಿನ ಬೆಳಿಗ್ಗೆ ಏನಾಯಿತು ಎಂಬುದು ಉಳಿಯಿತು. ನಾನು ಸಂಭ್ರಮದಲ್ಲಿ ಬೇಗ ಎದ್ದು, ಗದ್ದೆಗೆ ಹೋಗುವ ದಾರಿಯುದ್ದಕ್ಕೂ ಕಥೆಯನ್ನು ಮನಸ್ಸಿನಲ್ಲೇ ಹೊರಳಿಸುತ್ತಾ ಹೋದೆ. ಇಷ್ಟು ವರ್ಷದ ಮೇಲೆ ನನ್ನ ಬಾಯಿಂದ ಕೇಳುತ್ತಾರೆ ಎಂದು. ಹೋಗಿ ನೋಡಿದರೆ ಒಬ್ಬಳೂ ಗದ್ದೆಗೆ ಇಳಿದಿಲ್ಲ. ಕರೆಮ್ಮ ಮನೆಗೆ ಹೋಗಿ ಏನು ಉಂಡಳು ಎಂದು ಬದುವಿನ ಮೇಲೆ ಜಗಳ ಹತ್ತಿದೆ.

'ಅನ್ನ ಉಂಡ್ಲು' ಎನ್ನುತ್ತಾಳೆ ಬಸಕ್ಕ.

'ಯಾವ ಅನ್ನಲೇ? ನೀರು ಬಂದದ್ದು ಅವತ್ತು. ಭತ್ತ ಅವತ್ತ ಬೆಳೀತೇನು? ನವಣಿ ಉಂಡ್ಲು' ಎನ್ನುತ್ತಾಳೆ ಭೀಮಮ್ಮ.

'ತವರಿಂದ ತಂದಿರ್ತಾಳ ಅಕ್ಕಿ!'

'ತವರಾಗ ಅಕ್ಕಿ ಇದ್ರ ಈ ಕೊನೀ ಹೊಲದಾವಗ ಯಾಕ ಕೊಡ್ತಿದ್ರು?'

'ನವಣಿ ಉಂಡು ಅಷ್ಟು ಹೂಳು ಎತ್ತಿದ್ಲೇನು?'

'ನವಣಿ ಉಂಡೇ ಎತ್ತಿದ್ದು! ಅನ್ನ ಉಣ್ಣೋ ನೀವು ಒಂದು ಮಡಿ ಮುಗಿಸೋದ್ರಾಗ ಸೊಂಟ ಹಿಡ್ಕಂತೀರಿ!'

ಸುಂಕಮ್ಮ ನಡುವೆ ಬಾಯಿ ಹಾಕಿ, 'ಎರಡೂ ಅಲ್ಲ, ರೊಟ್ಟಿ ಪುಂಡಿಪಲ್ಲೆ' ಎಂದಳು. ಅವಳ ಮೇಲೂ ಬಿದ್ದರು. ನಾನು ಮುಂದೆ ಹೋಗಿ, 'ಇಲ್ಲಿ ಕೇಳ್ರಿ, ಹೊಳೆಮ್ಮ ಹೇಳಿದ್ದೇನಂದ್ರ' ಎಂದೆ. ಭೀಮಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. 'ನೀ ಸುಮ್ನಿರಪಾ' ಎಂದಳು. ಇಷ್ಟು ವರ್ಷ ಸುಮ್ಮನಿದ್ದವನಿಗೆ! ನನಗೆ ಎಂಥ ಸಿಟ್ಟು ಬಂತೆಂದರೆ, ಸಸಿಯ ಕಟ್ಟನ್ನು ಅಲ್ಲೇ ಬಿಟ್ಟು ಮನೆಗೆ ಹೊರಟಿದ್ದೆ.

ಅಷ್ಟರಲ್ಲಿ ಜಡೆಪ್ಪನವರು ಛತ್ರಿ ಬೀಸುತ್ತಾ ಬಂದರು. 'ಯಾವಾಕಿ ಏನ್ ತಿಂದ್ರ ನಿಮಗೇನ್ರೇ? ಸಸಿ ಬಾಡಾಕತ್ತಾವು ಇಲ್ಲಿ!'

ಎಲ್ಲರೂ ಒಟ್ಟಿಗೆ ಅವರ ಮೇಲೆ ತಿರುಗಿಬಿದ್ದರು. 'ಗೊತ್ತಿದ್ರ ಹೇಳ್ರಿ! ಗೊತ್ತಿಲ್ಲಂದ್ರ ನಡೀರಿ ಮನೀಗೆ!'

ಅವರು ನಡೆದರು. ಬಿಸಿಲು ಏರಿತು. ಜಗಳ ಹರಿಯಲಿಲ್ಲ. ಕೊನೆಗೆ ನವಣೆಯವರು ಗದ್ದೆಯ ಕೆಳಗಿನ ಮಡಿಗೆ ಇಳಿದರು, ಅನ್ನದವರು ಮೇಲಿನ ಮಡಿಗೆ ಇಳಿದರು. ಸುಂಕಮ್ಮ ಒಬ್ಬಳೇ ಮೂಲೆಯ ಪಟ್ಟಿ ಹಿಡಿದಳು. ಒಬ್ಬರಿಗೊಬ್ಬರು ಬೆನ್ನು ಕೊಟ್ಟುಕೊಂಡು, ಹಲ್ಲು ಕಚ್ಚಿಕೊಂಡು, ಸಂಜೆಯ ತನಕ ನಾಟಿ ಮಾಡಿದರು.

ಎರ್ರಿಯಪ್ಪ